ಮಡಿಯಲ್ಲಿ ಮೆಮೊರಿ ಅಪ್‌ಗ್ರೇಡ್

ಹೈದರಾಬಾದಿನ ಹುಡುಗ ಹುಡುಗಿಯರೆಲ್ಲ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸಿಗೆ ಕ್ಯೂ ನಿಂತಿದ್ದ ಕಾಲ. ನಾನು ಮಾತ್ರ ಯಾವ ಕೋರ್ಸೂ ಇಲ್ಲದೆ, ಹುಬ್ಬು ಕೀಳುವ ಚಿಮಟ ಮತ್ತು ಅಪಾರ ಕಾನ್ಫಿಡೆನ್ಸ್ ಹಿಡಿದು ಕಂಪ್ಯೂಟರ್ ಬಿಚ್ಚಲು ಕೂತೆ. ಕಾನ್ವೆಂಟಿನಲ್ಲಿ ಓದಿದವಳು. ಇಂಗ್ಲಿಷಿನಲ್ಲಿ ಬರೆದಿರುವ ಕೆಲಸ ಯಾವುದಿದ್ದರೂ ನನ್ನಿಂದಾಗುತ್ತದೆ ಎಂಬ ನಂಬಿಕೆ ಆ ಸಿಸ್ಟರ್‌ಗಳು ಕೊಟ್ಟ ವರ. ಶಾಪವೂ ಅದೇ.

ನಮ್ಮ ಮನೆಯ ಕಂಪ್ಯೂಟರ್ ಈಗಿನವುಗಳ ಮುತ್ತಜ್ಜಿ. ನೋಡಲು ಬರೀ ಕೀಬೋರ್ಡು. ಮಿದುಳೆಲ್ಲ ಅದರ ಹೊಟ್ಟೆಯಲ್ಲಿ. ಟೀವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ಅದು ಕೀಂ ಎಂದು ಸಾಕಷ್ಟು ಹೊತ್ತು ಅರಚಿ, ಕೊನೆಗೆ ತೆರೆಯ ಮೇಲೆ ಚೆಸ್ ಮಣೆ ಮೂಡಿಸುತ್ತಿತ್ತು. ಕುಷಾಯಿಗೂಡದ ಹತ್ತಿರ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಇಡೀ ಸರ್ವಿಸ್ ಮುಗಿಸಿದ ನಮ್ಮವರು ಎಂದೋ ಆಸೆಪಟ್ಟು ತಂದದ್ದು.

ನಿವೃತ್ತಿಯ ನಂತರ ಅವರಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಬಲಗೈ ನಿಧಾನ, ಮಾತು ಇನ್ನೂ ನಿಧಾನ. ಸಂಜೆ ಚೆಸ್ ಆಡಲು ಬರುತ್ತಿದ್ದ ಗೆಳೆಯರು ಪಾಪವೆಂದು ಬೇಕಂತಲೇ ಸೋಲತೊಡಗಿದರು. ಇವರಿಗೆ ಅದು ತಿಳಿಯದೇ ಇರುತ್ತದೆಯೇ? “ಸೊರಗಿದ್ದು ಕೈ, ತಲಿ ಅಲ್ಲ,” ಎಂದು ಮಣೆ ಮಡಿಚಿ ಅಟ್ಟಕ್ಕಿಟ್ಟವರು ಮತ್ತೆ ಮನುಷ್ಯರ ಜೊತೆ ಆಡಲಿಲ್ಲ. ಯಂತ್ರದ ಜೊತೆ ಮಾತ್ರ ಆಡುತ್ತಿದ್ದರು. ಅದಕ್ಕೆ ಕರುಣೆ ಎಂಬುದೇ ಇಲ್ಲ, ಪುಣ್ಯಾತ್ಮ! ದಿನದಲ್ಲಿ ಅವರ ಮುಖ ಅರಳುತ್ತಿದ್ದದ್ದು ಆ ಒಂದು ಹೊತ್ತು.

ಬರಬರುತ್ತ ಯಂತ್ರವೂ ಸೋಲತೊಡಗಿತು. “ಇದಕ್ಕ ತಲಿ ಸಾಲದು ಸುಮತಿ,” ಎಂದು ಇವರು ನಿಟ್ಟುಸಿರು ಬಿಟ್ಟರು. ಇದಕ್ಕಿಂತ ಜಾಣ ಚೆಸ್ಸಿನ ಕ್ಯಾಸೆಟ್ ಒಂದು ಮನೆಯಲ್ಲಿತ್ತು. ಅದನ್ನು ಹಾಕಿದರೆ ‘ಔಟ್ ಆಫ್ ಮೆಮೊರಿ’ ಎಂದು ಯಂತ್ರ ಕೈಚೆಲ್ಲುತ್ತಿತ್ತು. ಮೆಮೊರಿ ತಾನೇ, ಹಾಕಿಸಿದರಾಯಿತು! ಇವರು ತಮ್ಮನ ಮಗನ ಮುಂಜಿವಿಗೆಂದು ರಾಯಚೂರಿಗೆ ಹೋದಾಗ, ಸರ್ಪ್ರೈಸ್ ಕೊಡೋಣವೆಂದು ನಾಚಾರಂನ ಹಳೆ ಸಾಮಾನಿನ ವ್ಯಾಪಾರಿಯಿಂದ ಮೆಮೊರಿಯ ಚಿಪ್ಪು ತರಿಸಿದೆ.

ಬೆಳ್ಳಿ ಬಣ್ಣದ ಕವರು. ಒಳಗೆ ಕರೀ ಸ್ಪಂಜಿನಲ್ಲಿ ಕಾಲು ನೆಟ್ಟುಕೊಂಡು ನಿಂತ, ಸಾಲುಗಾಲಿನ ಝರಿ ಹುಳದಂಥ ಚಿಪ್ಪುಗಳು. ಜೊತೆಗೆ ಇಂಗ್ಲಿಷಿನಲ್ಲಿ ಸೂಚನೆಯ ಹಾಳೆ. ಅದರ ಮೊದಲ ಸಾಲು ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿತ್ತು. ‘ಕೂಗುವವರ ಮಾತಿಗೆ ಲೇಡಿಯಾದವಳು ಓಗೊಡಬಾರದು’ ಎಂದು ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು. ನಾನು ಘನತೆಯಿಂದ ಎರಡನೆಯ ಸಾಲಿನಿಂದ ಓದತೊಡಗಿದೆ.

ಅಷ್ಟರಲ್ಲಿ ಗಂಗಕ್ಕ ಬಂದರು. ನಮ್ಮವರನ್ನು ಶೀನಪ್ಪ ಎಂದು ಕರೆಯುವ ಅವರ ಅಕ್ಕ, ನಮ್ಮ ಜೊತೆಗೇ ಇರುವವರು, ಮನೆಯ ಮಡಿ ಇಲಾಖೆಯ ಮುಖ್ಯಸ್ಥರು.

“ಏನವಾ ಅದು?”

“ಮೆಮೊರಿ ರೀ ಅಕ್ಕಾ. ಈ ಡಬ್ಬಿಗೆ ಜ್ಞಾಪಕಶಕ್ತಿ.”

“ಯಾರ್ಯಾರ ಕೈ ಹಾದು ಬಂದಾವೋ ಏನೋ. ಶೀನಪ್ಪನ ಜೀವ ಅದರಾಗಽ ಅದ. ಮಡೀಲೇ ಮಾಡು. ರಾಹುಕಾಲ ಬರೂದ್ರಾಗ ಮುಗಸು.”

ನೈವೇದ್ಯದ ಅಡುಗೆ ಆಗಷ್ಟೇ ಮುಗಿಸಿ ರೇಷ್ಮೆಯ ಮಡಿಸೀರೆಯಲ್ಲೇ ಇದ್ದೆ. ಮಡಿಗೆಂದೇ ಇಟ್ಟ ಉಣ್ಣೆಯ ಧಾಬಳಿ ಹಾಸಿದೆ. ಚಳಿಗಾಲದ ಒಣ ಹವೆ. ಧಾಬಳಿಯ ಮೇಲೆ ಸರಿದು ಕೂತರೆ ಸೀರೆ ಚಟಚಟ ಎಂದಿತು. ಆ ಸ್ಪಂಜು ಮೈಲಿಗೆಯೆಂದು ಗಂಗಕ್ಕ ಕಸದ ಬುಟ್ಟಿಗೆ ಹಾಕಿಸಿದರು. ಹೊಸ ಚಿಪ್ಪುಗಳನ್ನು ಧಾಬಳಿಯ ಮೇಲೆ ಸಾಲಾಗಿ ಮಲಗಿಸಿದೆ. ಯಂತ್ರದ ಹೊಟ್ಟೆಯಿಂದ ಹಳೆಯವನ್ನು ಕಿತ್ತು ಅವನ್ನೂ ಮಲಗಿಸಿದೆ. ಬೀಗರ ಪಂಕ್ತಿಯಂತೆ ಎದುರುಬದುರು. ಮೊದಲನೆಯದನ್ನು ಮುಟ್ಟಿದಾಗ ಬೆರಳ ತುದಿಯಲ್ಲಿ ಚುರ್ ಎಂದು ಕಿಡಿ ಹಾರಿತು.

“ಅಕ್ಕಾ, ಚುರ್ ಅಂತು ರೀ.”

“ದೇವರು ಒಪ್ಪಿಗಿ ಕೊಟ್ಟ. ಮುಂದ ನಡಿ.”

ಒಂದೊಂದು ಚಿಪ್ಪಿಗೂ ದೇವರು ಬೇರೆ ಬೇರೆಯಾಗಿ ಒಪ್ಪಿಗೆ ಕೊಟ್ಟ.

ಜಾಣ ಕ್ಯಾಸೆಟ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಚೆಸ್ ಮಣೆ ಬರಲಿಲ್ಲ. ತೆರೆಯ ತುಂಬ ಇಳಕಲ್ ಸೀರೆಯ ದಡಿ ಬಂತು.

“ಡಿಸೈನ್ ಭಾಳ ಛಲೋ ಅದ,” ಎಂದರು ಗಂಗಕ್ಕ. “ಆಟ ಎಲ್ಲ್ಯದ?”

ಚಿಪ್ಪು ಸರಿಯಾಗಿ ಕೂತಿಲ್ಲವೆಂದು ಹೆಬ್ಬೆರಳಿನಿಂದ ಒತ್ತಿದೆ. ದಡಿಯ ಬಣ್ಣ ಬದಲಾಯಿತು. ಎಲ್ಲವನ್ನೂ ಕಿತ್ತು, ಧಾಬಳಿಗೆ ಚೆನ್ನಾಗಿ ಒರೆಸಿ, ಮತ್ತೆ ಕೂರಿಸಿದೆ. ದಡಿ ಅಡ್ಡಾದಿಡ್ಡಿಯಾಯಿತು. ಒಂದರ ಕಾಲು ಮಡಿಚಿದ್ದು ಕಂಡು ಚಿಮಟದಿಂದ ನೆಟ್ಟಗೆ ಮಾಡಲು ಹೋದೆ. ಕಾಲೇ ಕೈಗೆ ಬಂತು.

ಎದುರು ಫ್ಲ್ಯಾಟಿನ ಮಾಧವಿಯನ್ನು ಕರೆದೆ. ಸಾಫ್ಟ್‌ವೇರ್ ಇಂಜಿನಿಯರ್, ತೆಲುಗಿನ ಹುಡುಗಿ. ಬಂದವಳು ಸುತ್ತಲೂ ನೋಡಿದಳು.

“ಆಂಟೀ, ಕೀಬೋರ್ಡ್ ಉಂದಿ. ಕಂಪ್ಯೂಟರ್ ಎಕ್ಕಡ?”

“ಅದೇ ಕಂಪ್ಯೂಟರ್ ಅಮ್ಮಾ.”

ಅವಳು ಅದರ ತೆರೆದ ಹೊಟ್ಟೆಯೊಳಗೆ ಬಗ್ಗಿ ನೋಡಿ, “ರೀಸ್ಟಾರ್ಟ್ ಚೇಶಾರಾ?” ಎಂದಳು.

“ಮಾಡಿದೆ.”

“ಮಳ್ಳೀ ಚೇಯಂಡಿ.” ಇನ್ನೊಮ್ಮೆ ಮಾಡಿ ಎಂದು ಹೇಳಿ ಆಫೀಸಿನ ಕ್ಯಾಬ್ ಹತ್ತಿದಳು. ಇಡೀ ಊರಿಗೆ ಸಂಬಳ ಬರುತ್ತಿರುವುದು ಈ ಒಂದೇ ಮಂತ್ರದಿಂದ ಎಂದು ಆ ದಿನ ನನಗೆ ಅನುಮಾನ ಬಂತು.

ಜಾಣತನ ಬೇಡ, ಮೊದಲಿದ್ದ ದಡ್ಡತನವೇ ಸಾಕೆಂದು ಹಳೆಯ ಚಿಪ್ಪುಗಳನ್ನೇ ವಾಪಸು ಕೂರಿಸಿದೆ. ಈ ಸಲ ದಡಿಯೂ ಇಲ್ಲ. ಬರೀ ಕತ್ತಲೆ. ಹೊಸದೂ ಹೋಯಿತು, ಹಳೆಯದೂ ಹೋಯಿತು. ಇವರ ಮೇಲೆ ಕರುಣೆ ತೋರದ ಒಂದೇ ಒಂದು ಜೀವವನ್ನು, ಅವರ ಬೆನ್ನ ಹಿಂದೆ, ಶಾಸ್ತ್ರೋಕ್ತವಾಗಿ ಕೊಂದಿದ್ದೆ.

“ಮಡಿ ಬಿಟ್ಟು ಚಹಾರ ಕುಡಿ,” ಎಂದರು ಗಂಗಕ್ಕ. ಅವರ ಬಾಯಲ್ಲಿ ಇಂಥ ಮಾತು ಬಂತೆಂದರೆ ನನ್ನ ಮುಖ ಹೇಗಿತ್ತೋ.

ಮರುದಿನ ಇವರು ಬಂದರು. ‘ದೇರ್ ಹ್ಯಾಸ್ ಬೀನ್ ಎ ಸ್ಮಾಲ್ ಸೆಟ್‌ಬ್ಯಾಕ್’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಟ್ಟಿದ್ದೆ. ಹೇಳಲು ಅವಕಾಶವಾಗಲಿಲ್ಲ. ಕೊಯ್ದಿಟ್ಟ ಹಲಸಿನ ಹಣ್ಣಿನಂತೆ ಬಾಯಿ ಬಿಟ್ಟು ಬಿದ್ದಿದ್ದ ಯಂತ್ರವನ್ನೂ ಧಾಬಳಿಯ ಮೇಲಿನ ಚಿಪ್ಪುಗಳನ್ನೂ ನೋಡಿದರು.

“ಇದರ… ಮ್ಯಾಲೆ ಇಟ್ಟಿದ್ದೀ?”

“ಮಡೀಲೇ ಮಾಡೀನಿ ರೀ. ರೇಷ್ಮಿ ಸೀರಿ ಉಟ್ಟು.”

ಇವರು ಹಾಳೆ ಎತ್ತಿಕೊಂಡು ಆ ಮೊದಲ ಸಾಲನ್ನು ನಿಧಾನವಾಗಿ ಓದಿಕೊಂಡರು. “ನಮ್ಮ ಫ್ಯಾಕ್ಟರಿಯಾಗ… ಉಣ್ಣಿ, ರೇಷ್ಮಿ ಹಾಕ್ಕೊಂಡವರನ್ನ… ಚಿಪ್ಪಿನ ಹತ್ರ ಬಿಡತಿರಲಿಲ್ಲ. ಮೈಯಾಗ ಕರೆಂಟ್ ಕೂಡತದ. ಒಂದು ಕಿಡಿ ಹಾರಿದ್ರ… ಮುಗೀತು. ಇಲ್ಲೂ ಅದನ್ನಽ ಬರದಾರ.”

“ಹಂಗಾರ ಅದು ಒಪ್ಪಿಗಿ ಅಲ್ಲೇನು?” ಎಂದು ಗಂಗಕ್ಕ ಮೆಲ್ಲಗೆ ಒಳಗೆ ಹೋದರು.

ಈ ಫ್ಯಾಕ್ಟರಿಯ ಮಾತನ್ನು ಇವರು ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿದ್ದರೋ. ನಾನು ಹ್ಞೂಂ ಎನ್ನುತ್ತ ಸಾರು ಬಡಿಸಿದ್ದೆ. ಈಗ ಒಂದು ಮಾತಾದರೂ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ಆಟದ ಹೊತ್ತಿಗೆ ಎದ್ದುಬಂದು ಸುಮ್ಮನೆ ಕಪ್ಪು ಟೀವಿಯ ಮುಂದೆ ಕೂತರು.

ನೋಡಲಾಗಲಿಲ್ಲ. ಅಟ್ಟದಿಂದ ಮಣೆ ಇಳಿಸಿ ಕಾಯಿ ಜೋಡಿಸಿದೆ. ರಾಜ ರಾಣಿ ಅದಲುಬದಲಾಗಿದ್ದರು. ಇವರು ಸರಿಪಡಿಸಿದರು. ಆಡಿದೆವು. ಸೋತೆ. ಮತ್ತೆ ಆಡಿದೆವು. ಮತ್ತೂ ಬೇಗ ಸೋತೆ. ಇವರ ಮುಖ ಕಪ್ಪಿಟ್ಟಿತು.

“ಸುಮತಿ, ನೀನೂ ಬೇಕಂತಽ… ಸೋಲಬ್ಯಾಡ.”

“ದೇವರಾಣಿ ರೀ, ಗೆಲ್ಲಲಿಕ್ಕೇ ಆಡೀನಿ.”

ಅವರು ಮಣೆಯ ಮೇಲೆ ಬಾಗಿ, ಅವರ ಪದಾತಿಯ ಬಾಯಿಗೆ ನಾನೇ ಒಯ್ದು ಕೊಟ್ಟ ರಾಣಿಯನ್ನು ಬಹಳ ಹೊತ್ತು ಪರೀಕ್ಷಿಸಿದರು. ಕರುಣೆಯ ಕುರುಹು ಎಲ್ಲೂ ಸಿಗಲಿಲ್ಲ. ಬರೀ ದಡ್ಡತನ ಸಿಕ್ಕಿತು. ನಿಧಾನವಾಗಿ ಅವರ ಮುಖ ಅರಳಿತು.

“ಖರೇನಽ ಇಷ್ಟಽ ಏನು ನಿನ್ನ ಆಟ?”

“ಇಷ್ಟಽ ರೀ.”

ಇನ್ನೊಂದು ಆಟಕ್ಕೆ ತಾವೇ ಕಾಯಿ ಜೋಡಿಸಿದರು.

ಅಂದಿನಿಂದ ಯಂತ್ರದ ಜಾಗದಲ್ಲಿ ನಾನಿದ್ದೇನೆ. ಕೈಮಗ್ಗದ ಹತ್ತಿ ಸೀರೆ ಉಟ್ಟು, ಬರಿನೆಲದ ಮೇಲೆ ಕೂತು, ದಿನವೂ ಪ್ರಾಮಾಣಿಕವಾಗಿ ಸೋಲುತ್ತೇನೆ. ಸುಧಾರಿಸಿದ್ದೇನೆಂದೇ ಅಂದುಕೊಂಡಿದ್ದೆ. ನಿನ್ನೆ ಇವರು ನನ್ನ ಕುದುರೆಯನ್ನು ಎತ್ತಿ ಪಕ್ಕಕ್ಕಿಡುತ್ತ ಹೇಳಿದರು:

“ಆ ಡಬ್ಬಿ… ಸೋಲೂ ಮುಂದ ಒಂದೀಟು ವಿಚಾರಾರ ಮಾಡತಿತ್ತು.”