ಬೆಲ್ಟು, ಬೂಟು ಮತ್ತು ಫೇಟಾ

ಬೇರೆ ಕಡೆ ನಗೆಯ ಪ್ರಸಂಗ ನಡೆಯಬೇಕಾದರೆ ಹಬ್ಬವೋ ಮದುವೆಯೋ ಬೇಕು. ನಮ್ಮ ಮಿಲ್ಲಿನಲ್ಲಿ ಮೋಟಾರು ಚಾಲೂ ಆದರೆ ಸಾಕು. ನಮ್ಮ ಮಿಲ್ಲು ಎಂದರೆ ಮರಾಠಿ ಸೀಮೆಯ ಉದಗೀರದ ಒಂದು ತೊಗರಿಬೇಳೆ ಮಿಲ್ಲು. ನಾನು ಕಾಸಾರಶಿರಸಿಯವನು, ಅಲ್ಲಿ ಚೀಲ ತೂಗುತ್ತೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೋಟಾರಿನಿಂದ ಯಂತ್ರಕ್ಕೆ ಒಂದು ಬೆಲ್ಟು ತಿರುಗುತ್ತದೆ. ಸೊಂಟಕ್ಕೆ ಕಟ್ಟುವ ಬೆಲ್ಟಲ್ಲ, ರಬ್ಬರಿನ ಅಗಲ ಪಟ್ಟಿ. ಕೈ, ಬಟ್ಟೆ ಸಿಗದಂತೆ ಅದರ ಮುಂದೆ ಕಬ್ಬಿಣದ ಜಾಳಿ, ಅಂದರೆ ಜಾಲರಿ, ಇರಬೇಕು; ಇರಲಿಲ್ಲ. ಅದರ ಪಕ್ಕದಲ್ಲೇ ಕೂತು, ಉದುರಿದ ಬೇಳೆ ಗುಡಿಸುವವರು ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೆಂಗಸು. ಒಮ್ಮೆ ಬೆಲ್ಟು ಅವರ ಸೆರಗಿನ ತುದಿಯನ್ನೇ ಹರಿದುಕೊಂಡು ಹೋಯಿತು. ಅಂದಿನಿಂದ ಕಾಕು ಮಾಲೀಕರಾದ ಸೇಠರನ್ನು ಕೇಳುವುದು ಒಂದೇ ಮಾತು: "ಜಾಳಿ ಯಾವಾಗ್ರಿ?"

ಸೇಠರ ಉತ್ತರವೂ ಒಂದೇ: "ಉದ್ಯಾ, ಕಾಕು, ಉದ್ಯಾ."

ಉದ್ಯಾ ಎಂದರೆ ಮರಾಠಿಯಲ್ಲಿ ನಾಳೆ. ನಮ್ಮ ಸೇಠರ ಮರಾಠಿಯಲ್ಲಿ, ಎಂದೂ ಇಲ್ಲ.

೧. ಕೆಂಪು ಗುಂಡಿ

ಯಂತ್ರವನ್ನು ತಟ್ಟನೆ ನಿಲ್ಲಿಸಲು ಒಂದು ಕೆಂಪು ಗುಂಡಿ ಇದೆ. ದಸರೆಯಲ್ಲಿ ಆಪರೇಟರ್ ಮಾಮಾ ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ ಪೂಜೆ ಮಾಡಿದರು. ಪೂಜೆಯಾದದ್ದನ್ನು ಚಪ್ಪಲಿ ಹಾಕಿಕೊಂಡು ಮುಟ್ಟುವುದು ಹೇಗೆ? ಹಾಗಾಗಿ ಚಪ್ಪಲಿ ಬಿಟ್ಟು, ಕೈ ಮುಗಿದು, ಆಮೇಲೆ ಒತ್ತುವ ರೂಢಿಯಾಯಿತು.

ಸುರಕ್ಷತೆ ನೋಡುವ ಸಾಹೇಬರೊಬ್ಬರು ತಪಾಸಣೆಗೆ ಬಂದು, ಎಲ್ಲರಿಗೂ ಬೂಟು ಕೊಡಿಸಿ ಹೋದರು. ಮತ್ತೆ ಬಂದಾಗ, "ಮಶೀನು ನಿಲ್ಲಿಸಿ ತೋರಿಸ್ರಿ" ಎಂದರು. ಮಾಮಾ ನೆಲಕ್ಕೆ ಕೂತುಬಿಟ್ಟರು.

"ಏನು ಮಾಡ್ಲಿಕತ್ತೀರಿ?"

"ಲೇಸ್ ಬಿಚ್ಚಲಿಕತ್ತೀನ್ರಿ."

"ಅಷ್ಟರಾಗ ಯಾರರೆ ಸಿಕ್ಕೊಂಡ್ರ?"

"ಅದ ನಾನೂ ಹೇಳೂದು, ಸಾಹೇಬ್ರ. ಚಪ್ಪಲಿ ಇದ್ದಾಗ ಮಶೀನ ಲಗೂ ನಿಲ್ತಿತ್ತು. ನಿಮ್ಮ ಸುರಕ್ಷಾ ಬಂತು, ನಮಗ ಖತರಾ ಹೆಚ್ಚಾತು!"

೨. ಟೆನ್ಶನ್

ಇಷ್ಟಾದ ಮೇಲೆ ಸೇಠರಿಗೆ, ತಪ್ಪು ಯಂತ್ರದಲ್ಲಿಲ್ಲ, ಕೆಲಸಗಾರರ ಮನಸ್ಸಿನಲ್ಲಿದೆ ಎನ್ನಿಸಿತು. ಟೆನ್ಶನ್ ಇಳಿಸುವ ಸರ್ ಒಬ್ಬರನ್ನು ಲಾತೂರಿನಿಂದ ಕರೆಸಿದರು. ಸರ್ ನಮ್ಮನ್ನೆಲ್ಲ ಚೀಲಗಳ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಶಾಂತವಾದ ನದಿಯನ್ನು ನೆನೆಯಲು ಹೇಳಿದರು. ಆಮೇಲೆ ಕಾಕುವಿನ ಕಡೆ ತಿರುಗಿದರು.

"ನಿಮ್ಮ ಮನಸ್ಸಿನ ಭಾರ ಏನು, ಅಕ್ಕಾ?"

"ಬೆಲ್ಟಿಗೆ ಜಾಳಿ ಇಲ್ರಿ."

"ಅದನ್ನ ಮನಸ್ಸಿನಿಂದ ತೆಗೆದುಬಿಡ್ರಿ."

"ಮನಸಿನಾಗಿಂದು ತೆಗಿಲಿಕ್ಕ ನಿಮ್ಮನ್ನ ಕರಿಸ್ಯಾರ. ಬೆಲ್ಟಿನ ಮುಂದ ಜಾಳಿ ಕೂಡಿಸ್ಲಿಕ್ಕ ಯಾರನ್ನ ಕರೀಬೇಕ್ರಿ?"

ಸರ್ ಉತ್ತರಕ್ಕಾಗಿ ಸೇಠರ ಕಡೆ ನೋಡಿದರು. ಇಡೀ ಮಿಲ್ಲಿನಲ್ಲಿ ಟೆನ್ಶನ್ ಪೂರ್ತಿ ಇಳಿದದ್ದು ಅವರೊಬ್ಬರಿಗೇ. ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು.

೩. ಸತ್ಕಾರ

ಸುರಕ್ಷಾ ಸಪ್ತಾಹ ಬಂತು, ಮಾಲೀಕರೆಂದು ಸೇಠರಿಗೇ ಸತ್ಕಾರ ಏರ್ಪಾಟಾಯಿತು. ನಮ್ಮ ಕಡೆ ಶಾಲು, ತೆಂಗಿನಕಾಯಿ, ಫೇಟಾ ಇಲ್ಲದೆ ಸತ್ಕಾರವಿಲ್ಲ. ಫೇಟಾ ಎಂದರೆ ಉದ್ದನೆಯ ಬಟ್ಟೆಯನ್ನು ಸುತ್ತಿ ಕಟ್ಟುವ ರುಮಾಲು. ಅದರ ಒಂದು ತುದಿ ಬೆನ್ನ ಹಿಂದೆ ಇಳಿಬಿದ್ದಿರುತ್ತದೆ. ಸೇಠರ ತಲೆಗೂ ಅಂಥದೊಂದು ಕಟ್ಟಿದರು; ಈ ತುದಿಯನ್ನು ದಯವಿಟ್ಟು ನೆನಪಿಡಿ.

ಸಾಹೇಬರು ಹೆಲ್ಮೆಟ್ ಕೊಟ್ಟರೆ ಸೇಠರು, "ಫೇಟಾದ ಮ್ಯಾಲೆ ಹ್ಯಾಂಗ್ರಿ?" ಎಂದು ಅದನ್ನು ಕಂಕುಳಲ್ಲಿಟ್ಟುಕೊಂಡು ಫೋಟೋಕ್ಕೆ ನಿಂತರು. ಹಿಂದೆ ಬೆಲ್ಟು ತಿರುಗುತ್ತಿತ್ತು. ಫೋಟೋ ತೆಗೆಯುವವನು, "ಥೋಡಂ ಮಾಗಂ, ಸೇಠ!" ಎಂದ. ಸ್ವಲ್ಪ ಹಿಂದಕ್ಕೆ ಎಂದರ್ಥ. ಸೇಠರು ಹಿಂದಕ್ಕೆ ಸರಿದರು. ಬೆಲ್ಟು ತುದಿಯನ್ನು ಹಿಡಿಯಿತು.

ಫೇಟಾ ಬಿಚ್ಚುತ್ತ ಹೋದಂತೆ ಸೇಠರು ನಿಂತಲ್ಲೇ ಬುಗುರಿಯಂತೆ ತಿರುಗತೊಡಗಿದರು. ಮಾಮಾ ದೇವರ ಕ್ಷಮೆ ಕೇಳಿ, ಬೂಟಿನ ಸಮೇತ ಹೋಗಿ ಗುಂಡಿ ಒತ್ತಿದರು. ಎಲ್ಲ ನಿಂತಾಗ ಸೇಠರ ತಲೆ ಬರಿದಾಗಿತ್ತು, ಪುಣ್ಯಕ್ಕೆ ಒಂದು ಗೀರೂ ಇರಲಿಲ್ಲ. ಫೇಟಾ ಮೋಟಾರಿನ ಚಕ್ರಕ್ಕೆ ಚೆಂದಾಗಿ ಸುತ್ತಿಕೊಂಡು, ಸತ್ಕಾರ ಮೋಟಾರಿಗೇ ಆದಂತೆ ಕಾಣುತ್ತಿತ್ತು.

ಸೇಠರು ಉಸಿರು ಸುಧಾರಿಸಿಕೊಂಡು ಆಜ್ಞೆ ಹೊರಡಿಸಿದರು: "ನಾಳಿಂದ ಮಿಲ್ಲಿನಾಗ ಫೇಟಾ ಬಂದ್!"

ಕಾಕು ಕಸಬರಿಗೆ ಹಿಡಿದುಕೊಂಡೇ ಎದ್ದರು. "ಫೇಟಾ ಸಿಕ್ತು, ಫೇಟಾ ಬಂದ್. ನಾಳಿ ನನ್ನ ಕೈ ಸಿಕ್ರ, ಕೈ ಮನ್ಯಾಗ ಇಟ್ಟು ಬರೂದೇನ್ರಿ, ಸೇಠಜಿ?"

ಸೇಠರು ತಮ್ಮ ತಲೆ ಮುಟ್ಟಿ ನೋಡಿಕೊಂಡರು, ಕಾಕುವಿನ ಕೈ ನೋಡಿದರು. ಅಂದೇ ಸಂಜೆ ವೆಲ್ಡಿಂಗಿನವ ಬಂದು ಜಾಳಿ ಕೂರಿಸಿದ.

ಮರುದಿನ ಕಾಕು ಜಾಳಿಯನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದರು. ಗಟ್ಟಿ ಇತ್ತು. ಆಮೇಲೆ ಸೇಠರ ಕಡೆ ತಿರುಗಿ, ನಿಜವಾದ ಮರುಕದಿಂದ ಹೇಳಿದರು:

"ಒಂದು ಫೇಟಾ ಕಟ್ಟಿದ್ರ ಜಾಳಿ ಬರ್ತದ ಅಂತ ಮೊದಲ ಹೇಳಬಾರದೇನ್ರಿ? ನಾವ ರೊಕ್ಕ ಕೂಡಿಸಿ ಎಂದೋ ನಿಮ್ಮ ಸತ್ಕಾರ ಮಾಡ್ತಿದ್ವಿ!"