ಲಿವರ್ ಧಾರಕರ ಕೈ ಕಲ್ಯಾಣ

ನೀರು ಸರಬರಾಜು ಕಚೇರಿಯ ನಲವತ್ತು ಬೈಕುಗಳ ಒಂದು ವರ್ಷದ ರಿಪೇರಿ ಗುತ್ತಿಗೆಯನ್ನು, ಮೂರನೇ ನಂಬರಿನ ಬೈಕಿನ ಸದ್ದು ನಿಲ್ಲಿಸಿದವರಿಗೆ ಕೊಡತಕ್ಕದ್ದು ಎಂದು ಕಚೇರಿಯ ಬಾಗಿಲಿಗೆ ಪ್ರಕಟಣೆ ಅಂಟಿಸಲಾಗಿತ್ತು. ಸದ್ದು ಎಲ್ಲಿಂದ ಬರುತ್ತದೆ ಎಂಬುದು ಅದರಲ್ಲಿರಲಿಲ್ಲ. ಅದನ್ನು ಪತ್ತೆ ಮಾಡಲು ನೇಮಿಸಿದ ಸಮಿತಿ ಎರಡು ಸಲ ಸೇರಿ, ಎರಡು ಸಲ ಚಹಾ ಕುಡಿದು, ಸದ್ದು ಇದೆ ಎಂಬ ಒಮ್ಮತಕ್ಕೆ ಬಂದಿತ್ತು.

ನನ್ನದು ಬಿಡಿಭಾಗಗಳ ಅಂಗಡಿ. ಪಕ್ಕದಲ್ಲಿ ಭಾವನ ಗ್ಯಾರೇಜು. ಈ ಗುತ್ತಿಗೆ ನಮ್ಮ ಕೈ ತಪ್ಪುವುದಿಲ್ಲ ಎಂದು ನಾನು ಹೇಳಿದ ಒಂದು ಮಾತಿಗೆ ಭಾವ ಹನ್ನೆರಡು ವರ್ಷದ ಕೆಲಸ ಬಿಟ್ಟು ಬಂದು ಶಟರ್ ಎತ್ತಿದ್ದರು. ಗುತ್ತಿಗೆ ಬಾರದಿದ್ದರೆ ತಿಂಗಳ ಕೊನೆಗೆ ಅದನ್ನು ಇಳಿಸಬೇಕಿತ್ತು. ಅಕ್ಕ ದಿನಾ ಅಂಗಡಿ ಮುಂದೆ ಹಾದುಹೋಗುವಾಗ ನಿಂತು ಹೇಳುತ್ತಿದ್ದಳು:

"ಏನೋ, ನಲವತ್ತು ಬೈಕು ಅಂದಿದ್ದೆ. ನಿಮ್ಮ ಭಾವ ಮೂರು ದಿನದಿಂದ ಒಂದೇ ಸ್ಪ್ಯಾನರ್ ಒರೆಸ್ತಾ ಕೂತಿದ್ದಾರೆ. ಅದು ಸವೆದು ಸೂಜಿ ಆಗೋದ್ರೊಳಗೆ ಏನಾದ್ರೂ ಮಾಡು."

ಪರೀಕ್ಷೆ ಕಚೇರಿಯ ಹಿಂದಿನ ಅಂಗಳದಲ್ಲಿ ನಡೆಯಿತು. ಮೇಲ್ವಿಚಾರಕರು ಕುರ್ಚಿ ಹಾಕಿಸಿಕೊಂಡು ಕೂತರು. ಮೂರನೇ ನಂಬರಿನ ಸವಾರ, ಮನೆ ಮನೆಯ ನೀರಿನ ಮೀಟರ್ ಓದುವವನು, ಬೈಕು ಸ್ಟಾರ್ಟ್ ಮಾಡಿದ. ಡಬ್ಬಿಯಲ್ಲಿ ನಟ್ಟು ಬೋಲ್ಟು ಹಾಕಿ ಕುಲುಕಿದ ಹಾಗೆ ಕಟಕಟ. ಭಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು ಕಣ್ಣು ಮುಚ್ಚಿದರು. ಆಮೇಲೆ ಕ್ಲಚ್ ಲಿವರ್ ಹಿಡಿದರು. ಸದ್ದು ನಿಂತಿತು. ಬಿಟ್ಟರು. ಮತ್ತೆ ಬಂತು.

"ಕ್ಲಚ್ ಬಾಸ್ಕೆಟ್ ಸಾರ್," ಎಂದರು ಭಾವ. "ಕ್ಲಚ್ ಪ್ಲೇಟುಗಳು ಕೂರೋ ಬಟ್ಟಲು. ಅದನ್ನೂ ಹಿಂದಿನ ಗೇರನ್ನೂ ಸೇರಿಸಿರೋ ರಿವಿಟ್ ಸಡಿಲ ಆಗಿದೆ, ಒಳಗಿನ ಸ್ಪ್ರಿಂಗ್ ಸೋತಿದೆ. ಎರಡೂ ಬೇರೆ ಬೇರೆ ಅಲ್ಲಾಡ್ತಿವೆ. ಬಿಚ್ಚಬೇಕು."

"ಸ್ವಲ್ಪ ತಡೀರಿ. ಈಗ ಏನು ಮಾಡಿದ್ರಿ?"

"ಲಿವರ್ ಹಿಡಿದೆ ಸಾರ್."

"ಸದ್ದು ನಿಂತಿತಲ್ಲ?"

"ಅದು ಪರೀಕ್ಷೆ ಸಾರ್. ರಿಪೇರಿ ಅಲ್ಲ."

"ಪರೀಕ್ಷೆಗೆ ಎಷ್ಟು ತಗೋತೀರಿ?"

"ಪರೀಕ್ಷೆಗೆ ಯಾರಾದ್ರೂ ದುಡ್ಡು ತಗೋತಾರಾ ಸಾರ್?"

ಮೇಲ್ವಿಚಾರಕರು ಗುಮಾಸ್ತರ ಕಡೆ ತಿರುಗಿ, "ಬರಕೊಳ್ಳಿ. ಸದ್ದು ಉಚಿತವಾಗಿ ನಿಂತಿದೆ," ಎಂದರು.

ಮರುದಿನ ಆದೇಶ ಬಂತು. ಸದ್ದು ನಿಲ್ಲಿಸಿದ್ದು ಕಚೇರಿಯ ಸ್ವಂತ ಆಸ್ತಿಯಾದ ಲಿವರ್. ಅರ್ಜಿದಾರರು ಅದಕ್ಕೆ ಬೆರಳನ್ನು ಮಾತ್ರ ಒದಗಿಸಿರುತ್ತಾರೆ. ಆದ್ದರಿಂದ ಗುತ್ತಿಗೆ ನೀಡಲು ಬರುವುದಿಲ್ಲ. ಬೈಕು ನಿಂತಿರುವಾಗ ಎಂಜಿನ್ ಆರಿಸಿದರೆ ಸದ್ದೂ ಆರುತ್ತದಲ್ಲ ಎಂದು ಮೀಟರ್ ಓದುವವನು ಕೇಳಿದ್ದನಂತೆ. ಅವನಿಗೆ ಹನ್ನೊಂದನೇ ನಿಯಮ ಓದಿ ಹೇಳಲಾಯಿತು: ಎಂಜಿನ್ ಆರಿದ ಕ್ಷಣಕ್ಕೆ ಆ ದಿನದ ಕರ್ತವ್ಯ ಮುಗಿದಂತೆ ಭಾವಿಸತಕ್ಕದ್ದು. ಅವನು ಇಳಿದು ಮೀಟರ್ ಓದಿ ಬರುವ ತನಕ ಲಿವರ್ ಹಿಡಿದು ನಿಲ್ಲಲು 'ಲಿವರ್ ಧಾರಕ' ಎಂಬ ಹುದ್ದೆ ಮಂಜೂರಾಯಿತು. ಅರ್ಹತೆ: ಎಡಗೈ. ಮೇಲ್ವಿಚಾರಕರ ಬಾಮೈದನಿಗೆ ಎರಡು ಕೈಯೂ ಇದ್ದುದರಿಂದ ಅವನನ್ನು ಹೆಚ್ಚಿನ ಅರ್ಹತೆಯ ಮೇಲೆ ಆರಿಸಲಾಯಿತು.

"ಅವರು ಬಾಮೈದನಿಗೆ ಕೆಲಸ ಕೊಡಿಸಿದ್ರು," ಎಂದಳು ಅಕ್ಕ. "ನನ್ನ ತಮ್ಮ ಭಾವನ ಕೆಲಸ ಬಿಡಿಸಿದ."

ನಾನು ಕಾದೆ. ವ್ಯಾಪಾರದಲ್ಲಿ ಕಾಯುವುದೂ ಒಂದು ಸರಕು.

ಹತ್ತು ದಿನಕ್ಕೆ ಬಾಮೈದನ ಬೆರಳು ಊದಿದವು. ಊಟದ ಹೊತ್ತಿಗೆ ಅವನು ಲಿವರಿಗೆ ಹಗ್ಗ ಕಟ್ಟಿದ. ಹಗ್ಗವನ್ನು ನೇಮಕಾತಿ ಇಲ್ಲದೆ ಸರ್ಕಾರಿ ಕೆಲಸಕ್ಕೆ ಹಚ್ಚಿದ್ದಕ್ಕೆ ಅವನಿಗೆ ನೋಟೀಸು ಬಂತು. ಮನೆಯಲ್ಲಿ ಅವನ ಅಕ್ಕ ಗಂಡನ ಜೊತೆ ಮಾತು ಬಿಟ್ಟರು. ಆ ಸುದ್ದಿ ಕಿವಿಗೆ ಬಿದ್ದ ದಿನವೇ ನಾನು ಕಚೇರಿಗೆ ಹೋದೆ.

ಮೇಲ್ವಿಚಾರಕರು ತಲೆ ಎತ್ತದೆಯೇ, "ರಿಪೇರಿಗೆ ಹಣ ಇಲ್ಲ," ಎಂದರು.

"ರಿಪೇರಿ ಯಾರಿಗೆ ಬೇಕು ಸಾರ್? ನಾನು ಬಂದಿದ್ದು ನಿಮ್ಮ ಬಾಮೈದನ ಬೆರಳಿನ ವಿಚಾರಕ್ಕೆ. ಸಿಬ್ಬಂದಿ ಕಲ್ಯಾಣದಲ್ಲಿ ಹಣ ಇರಬೇಕಲ್ಲ?"

ತಲೆ ಎತ್ತಿದರು. "ಇದೆ. ಯಾರೂ ಕೇಳೇ ಇಲ್ಲ."

"ಅವರ ಬೆರಳಿಗೆ ವಿಶ್ರಾಂತಿ ಕೊಡಿಸ್ತೀನಿ."

"ಎಲ್ಲಿ?"

"ಎಂಜಿನ್ ಒಳಗೆ ಸಾರ್."

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. "ಬಿಲ್ಲಿನಲ್ಲಿ ಬಾಸ್ಕೆಟ್ ಅನ್ನೋ ಮಾತು ಬರಬಾರದು."

"ಬೆರಳು ಅನ್ನೋದು ಬಿಟ್ಟು ಬೇರೆ ಮಾತೇ ಬರಲ್ಲ."

ಭಾವ ಆಯಿಲ್ ಇಳಿಸಿ, ಬಲಗಡೆಯ ಕವರ್ ತೆಗೆದು, ಬಾಸ್ಕೆಟ್ ಹೊರತಂದರು. ಒಂದು ಕೈಯಲ್ಲಿ ಗೇರು ಹಿಡಿದು ಇನ್ನೊಂದರಲ್ಲಿ ಬಟ್ಟಲು ತಿರುಗಿಸಿ ತೋರಿಸಿದರು. ಸಡಿಲ ಬಾಗಿಲಿನ ಚಿಲಕದಂತೆ ಟಕ್ ಟಕ್ ಅಂದಿತು. ಹಳೆಯ ರಿವಿಟ್ಟಿನ ತಲೆಗಳನ್ನು ಡ್ರಿಲ್ ಮಾಡಿ ತೆಗೆದರು, ಆರು ಹೊಸ ಸ್ಪ್ರಿಂಗ್ ಕೂರಿಸಿದರು, ಹೊಸ ರಿವಿಟ್ ಹಾಕಿ ಪ್ರೆಸ್ಸಿನಲ್ಲಿ ಒತ್ತಿದರು. ಬಟ್ಟಲು ತಿರುಗುವ ನಡುವಿನ ಬಳೆ, ಬುಷ್, ಸಹ ಸವೆದಿತ್ತು, ಬದಲಾಯಿಸಿದರು. ಸಂಜೆಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಹೊಲಿಗೆ ಯಂತ್ರದ ಹಾಗೆ ಓಡಿತು. ಬಿಲ್ಲಿನಲ್ಲಿ ಆರು ಸ್ಪ್ರಿಂಗನ್ನು 'ಬೆರಳು ಶಮನಕ್ಕೆ ಒಳದಿಂಬು, ಆರು' ಎಂದು ತೋರಿಸಿದೆ. ಕೈಗೆ ಬೆರಳು ಐದೇ ಅಲ್ಲವೇ ಎಂದು ಲೆಕ್ಕಪತ್ರದವರು ಆಕ್ಷೇಪ ಎತ್ತಿದರು. ಒಂದು ಹೆಚ್ಚುವರಿ ಎಂದು ಬರೆದುಕೊಟ್ಟೆ.

ಸದ್ದೇ ಇಲ್ಲದ ಮೇಲೆ ಬಾಮೈದ ಏನು ಮಾಡಬೇಕು? ಇದಕ್ಕೂ ಸುತ್ತೋಲೆ ಬಂತು: ಸದ್ದು ಬಾರದಿರುವುದು ಧಾರಕರ ಹಾಜರಿಯ ಫಲವೇ ಆಗಿರುವುದರಿಂದ ಹಾಜರಿ ಮುಂದುವರಿಯತಕ್ಕದ್ದು, ಕೈಯನ್ನು ಲಿವರಿನ ಸಮೀಪ ಇಟ್ಟುಕೊಂಡರೆ ಸಾಕು.

ಉಳಿದ ಮೂವತ್ತೊಂಬತ್ತು ಸವಾರರಿಗೆ ಇದು ಅನ್ಯಾಯವಾಗಿ ಕಂಡಿತು. ಅವನಿಗೊಬ್ಬ ಧಾರಕ, ನಮಗೇಕಿಲ್ಲ? ನಿಮ್ಮ ಬೈಕು ಸದ್ದು ಮಾಡುವುದಿಲ್ಲವಲ್ಲ ಎಂದರೆ, ಮಾಡುವ ತನಕ ಕಚೇರಿ ಮಲಗಿರುತ್ತದೆಯೇ ಎಂದರು. ಮೇಲ್ವಿಚಾರಕರಿಗೂ ನೆಂಟರು ಕಡಿಮೆ ಇರಲಿಲ್ಲ. ಬೈಕಿಗೊಬ್ಬ ಧಾರಕ, ಧಾರಕನ ಬೆರಳಿಗೊಂದು ಕಲ್ಯಾಣ ಕಾಮಗಾರಿ, ಒಂದು ವರ್ಷದ ಅವಧಿಗೆ, ನಮ್ಮ ಹೆಸರಿಗೆ ಮಂಜೂರಾಯಿತು.

ಭಾವ ಒಂದೊಂದೇ ಬೈಕಿಗೆ ಸ್ಕ್ರೂಡ್ರೈವರ್ ಇಟ್ಟು ಕೇಳುತ್ತಾ ಬಂದರು. ಕೊನೆಯ ದಿನ ನನ್ನ ಅಂಗಡಿಗೆ ಬಂದು ಮೆಲ್ಲಗೆ, "ಮೂವತ್ತೇಳು ಬೈಕಿಗೆ ಏನೂ ಆಗಿಲ್ಲವಲ್ಲೋ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಅಕ್ಕ, "ಬಿಚ್ಚಿ, ತೊಳೆದು, ಹಾಗೇ ಜೋಡಿಸಿ. ತೊಳೆದ ಕೈಗೂ ಕೂಲಿ ಉಂಟು," ಎಂದಳು. ಭಾವ ಅವಳನ್ನೂ ನನ್ನನ್ನೂ ನೋಡಿದರು. ಒಡಹುಟ್ಟಿದವರು ಎಂಬುದು ಅವರಿಗೆ ಆಗ ಪೂರ್ತಿ ಖಾತ್ರಿಯಾದಂತೆ ಕಂಡಿತು. ಬಿಚ್ಚಿದರು, ತೊಳೆದರು, ಜೋಡಿಸಿದರು.

ವರ್ಷಾಂತ್ಯದ ವರದಿಯನ್ನು ಓದಿ ಎಲ್ಲರೂ ಚಪ್ಪಾಳೆ ತಟ್ಟಿದರು, ಎಡಗೈ ಲಿವರಿನ ಸಮೀಪವೇ ಇರಬೇಕಾದ್ದರಿಂದ ಧಾರಕರು ಬಲಗೈಯನ್ನು ತೊಡೆಗೆ ಬಡಿದು. ವರದಿ ಬಿಟ್ಟದ್ದನ್ನೂ ಸೇರಿಸಿದರೆ ಒಟ್ಟು ಸಾಧನೆ: ರಿಪೇರಿಯಾದ ಬಾಸ್ಕೆಟ್ ಮೂರು, ತೊಳೆದ ಬಾಸ್ಕೆಟ್ ಮೂವತ್ತೇಳು, ಹೊಸ ಹುದ್ದೆ ನಲವತ್ತು, ಗುಣವಾದ ಬೆರಳು ಇನ್ನೂರು, ರಿಪೇರಿಗೆಂದು ಮಾಡಿದ ಖರ್ಚು ಸೊನ್ನೆ.