ಬಾಣಂತಿಗೆ ರಕ್ತ ಬೇಡವಂತೆ

ಆಸ್ಪತ್ರೆಯಲ್ಲಿ ಔಷಧಿ ಕೊಟ್ಟರೆ ಒಂದು ಅನುಮಾನ, ಕೊಡದಿದ್ದರೆ ಇನ್ನೊಂದು. ಮಹಾರಾಜರ ಕಾಲದಲ್ಲಿ ಕಡೂರು ಸೀಮೆಯ ಆಸ್ಪತ್ರೆಯೊಂದರಲ್ಲಿ ನಾನು ಕಾಂಪೌಂಡರ್ ಆಗಿದ್ದೆ. ರೋಗಿಗಳಿಂದ ನನಗೇನೂ ತೊಂದರೆ ಇರಲಿಲ್ಲ, ಜೊತೆಗೆ ಬಂದವರದೇ ಕಾಟ.

೧. ಖಾಲಿಯಾದ ರಕ್ತ

ಚೌಳಹಿರಿಯೂರಿನ ರೈತನೊಬ್ಬ ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಹಸಿ ಬಾಣಂತಿ, ಮುಖ ಬಿಳಿಚಿಕೊಂಡಿತ್ತು. ಎಲ್ಲಿ ಕೈಬಿಟ್ಟು ಹೋಗುತ್ತಾಳೋ ಎಂದು ಅವನಿಗೆ ಜೀವ ಬಾಯಿಗೆ ಬಂದಿತ್ತು. ದೊಡ್ಡ ಆಸ್ಪತ್ರೆಗಳಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಏರಿಸುತ್ತಾರೆಂದು ಸಂತೆಯಲ್ಲಿ ಕೇಳಿದ್ದನಂತೆ.

ಡಾಕ್ಟರು ಅವಳ ಕಣ್ಣುರೆಪ್ಪೆ ಬಿಡಿಸಿ ನೋಡಿದರು. "ರಕ್ತ ಏರಿಸೋದು ಬೇಡಪ್ಪ. ಸ್ರಾವ ನಿಂತಿದೆ. ಔಷಧಿ, ಊಟದಲ್ಲೇ ಚೇತರಿಸ್ಕೋತಾಳೆ. ಸುಮ್ಮಸುಮ್ಮನೆ ಏರಿಸಿದ್ರೆ ಅದೇ ಅಪಾಯ."

"ಅಮಲ್ದಾರ್ರ ಹೆಂಡ್ತಿ ಆಗಿದ್ರೆ?"

"ಅವರಿಗೂ ಬೇಡ ಅಂತಿದ್ದೆ."

ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ನೋಡಿದ್ರಾ? ಅವ್ರಿಗೆ ಕೊಟ್ಟು ಖಾಲಿ ಮಾಡವ್ರೆ."

೨. ಕಬ್ಬಿಣದ ಔಷಧಿ

ಕಬ್ಬಿಣದ ಔಷಧಿ ಶುರುವಾಯಿತು. ಅದನ್ನು ಕುಡಿದವರಿಗೆ ಮಲ ಕಪ್ಪಾಗುವುದು ಸಹಜ. ಅದನ್ನು ಇವನಿಗೆ ಮೊದಲೇ ಹೇಳಿರಲಿಲ್ಲ. ಬೆಳಿಗ್ಗೆ ಎದ್ದವನೇ ನನ್ನ ಕೊರಳಪಟ್ಟಿ ಹಿಡಿದ.

"ಇದ್ದ ರಕ್ತಾನೂ ಸುಟ್ಟಾಕ್ಬಿಟ್ರಲ್ರೀ!"

"ಔಷಧಿಯಲ್ಲಿ ಕಬ್ಬಿಣ ಇದೆ ಕಣಯ್ಯ, ಅದಕ್ಕೇ ಕಪ್ಪು" ಎಂದೆ.

"ಕಬ್ಬಿಣಕ್ಕೆ ಇಷ್ಟು ದೂರ ಯಾಕ್ ಬರ್ಬೇಕಿತ್ತು? ನಮ್ಮೂರ್ ಕಮ್ಮಾರ ಸತ್ತೋಗಿದ್ನಾ?"

ಆಮೇಲೆ ಪ್ರತಿ ಸಲವೂ ಮೊದಲ ಗುಟುಕು ನಾನೇ ಕುಡಿದು ತೋರಿಸಬೇಕಾಯಿತು. ಮಾರನೆಯ ಬೆಳಿಗ್ಗೆ ನನ್ನ ಕತೆ ಏನಾಯಿತೆಂದು ಕೇಳಬೇಡಿ.

೩. ಮುಯ್ಯಾಳು

ದಿನ ಕಳೆದಂತೆ ಬಾಣಂತಿ ಎದ್ದು ಕೂರುವಂತಾದಳು. ಗಂಡನ ಅನುಮಾನ ಮಾತ್ರ ಹೋಗಲಿಲ್ಲ. ಅಜ್ಜಂಪುರದಿಂದ ಅವಳ ತಮ್ಮನನ್ನು ಕರೆಸಿ, "ಇವನ್ದು ತಗಂಡು ಏರ್ಸಿ" ಎಂದು ಪಟ್ಟು ಹಿಡಿದ.

ನಮ್ಮ ಕಡೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಬಂದು ದುಡಿದರೆ, ಇವರೂ ಅವರ ಹೊಲಕ್ಕೆ ಹೋಗಿ ಆ ಮುಯ್ಯಿ ತೀರಿಸಬೇಕು. ಬಾಣಂತಿಯ ತಮ್ಮ ಅಂಗಿಯ ತೋಳು ಮಡಿಸಿಕೊಳ್ಳುತ್ತಲೇ ಕೇಳಿದ: "ಕೊಡ್ತೀನಿ ಬಾವ. ವಾಪಸ್ ಯಾವಾಗ?"

"ರಕ್ತಕ್ಕೂ ಮುಯ್ಯಾ?"

"ಮತ್ತೆ? ನಾಳೆ ನನ್ಗೆ ಬೇಕಾದ್ರೆ?"

"ಒಂದು ಲೋಟ ಕೊಟ್ಟು ಎರಡು ಕೀಳೋನು ನೀನು. ನಿನ್ನ ಬುದ್ಧಿ ನನ್ಗೊತ್ತಿಲ್ವಾ?"

ಜಗಳ ಹತ್ತಿಕೊಂಡಿತು. ಡಾಕ್ಟರ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಬಾಣಂತಿ ಕೂಸನ್ನು ಎತ್ತಿಕೊಂಡು ಮಂಚದಿಂದಿಳಿದು ನೆಟ್ಟಗೆ ನಿಂತಳು.

"ನನ್ನ ಮೈಯೇನು ನಿಮ್ಮ ಹೊಲಾನಾ, ಮುಯ್ಯಾಳು ಇಳ್ಸೋಕೆ? ಕೂಸು ಮಲಗ್ಬೇಕು. ಬಾಯಿ ಮುಚ್ಕಂಡು ಇಬ್ರೂ ಆಚೀಕೆ ನಡೀರಿ!"

ಆ ದನಿಗೆ ಪಕ್ಕದ ಮಂಚದ ಮುದುಕಿಯೂ ಎದ್ದು ಹೊರಟಳು. ನನಗಂತೂ ಹಿಗ್ಗೋ ಹಿಗ್ಗು, ಹೆಂಗಸು ಬದುಕಿದಳು!

ಗಂಡ ಹೌಹಾರಿ ಡಾಕ್ಟರ ಕಡೆ ತಿರುಗಿದ. "ಕದ್ದು ಏರ್ಸಿದೀರ! ಯಾರ್ದು ಈ ರಕ್ತ? ಇವ್ಳು ಹಿಂಗೆ ಬಾಯಿ ಮಾಡ್ದೋಳೇ ಅಲ್ಲ!"

ತಮ್ಮ ಅವನ ಬೆನ್ನು ತಟ್ಟಿದ. "ಅನುಮಾನ ಬ್ಯಾಡ ಬಾವ. ಅದು ನಮ್ಮವ್ವನ ರಕ್ತ. ಈಗ ಪೂರ್ತಿ ಬಂದದೆ."